ಇಪ್ಪತ್ತನಾಲ್ಕು ಆಳು

ಮೂರು ವರ್ಷದ ಹಿಂದೆ ಮೊಯ್ದು
ವಿರಾಜಪೇಟೆಯಿಂದ ಜೀಪಿನಲ್ಲಿ ತಂದಿಳಿಸಿದ
ಗೋಣಿ ಬಿಚ್ಚಿದರೆ ಒಳಗೆ ಸರ್ವರು.
ಯಾವುದೋ ಬ್ಯಾಂಕು ದುಡಿಸಿ ದುಡಿಸಿ
ಕಿಲೋ ಲೆಕ್ಕಕ್ಕೆ ಮಾರಿದ ಮಾಲು,
ಅರ್ಧ ಮೂಟೆ ಕಾಫಿಯಷ್ಟು ಭಾರ.
ಎರಡು ಪ್ರೊಸೆಸರು, ಒಂದೊಂದರಲ್ಲಿ ಹನ್ನೆರಡು ಕೋರು.
"ಇಪ್ಪತ್ತನಾಲ್ಕು ಆಳು ಮೇಡಂ,
ಕೂಲಿ ಕರೆಂಟಿನವನಿಗೆ ಕೊಟ್ಟರಾಯಿತು."

ಅದರ ಪಕ್ಕ ಮೊನ್ನೆ ಬಂದದ್ದು ಡೆಸ್ಕ್‌ಟಾಪು.
ಆರೇ ಕೋರು.
ಸದ್ದಿಲ್ಲ; ಆನ್ ಆಗಿದೆಯೋ ಇಲ್ಲವೋ ಎಂದು
ಎರಡು ಸಲ ಬಗ್ಗಿ ನೋಡಿದೆ.

ತಿತಿಮತಿಯ ಈ ಆಫೀಸಿಗೆ ಇರುವುದು ಒಂದೇ ಕೆಲಸ:
ಚಿತ್ರದಲ್ಲಿ ಆನೆ ಇದೆಯೇ, ಇಲ್ಲವೇ.
ಒಂಬತ್ತು ತೋಟ, ಮರಕ್ಕೆ ಕಟ್ಟಿದ ಕ್ಯಾಮೆರಾ,
ಒಂದು ಕುಯಿಲಿಗೆ ನಲವತ್ತೊಂದು ಸಾವಿರ ಚಿತ್ರ.
ಹೆಚ್ಚಿನದೆಲ್ಲ ಗಾಳಿ. ಸಿಲ್ವರ್ ಓಕಿನ ಎಲೆ,
ಯಾರದೋ ದನ, ನಮ್ಮದೇ ಜೀಪಿನ ಲೈಟು,
ಒಮ್ಮೆ, ಕ್ಯಾಮೆರಾದ ಗಾಜಿನಲ್ಲಿ ಮುಖ ನೋಡಿ
ಮೀಸೆ ತಿದ್ದಿಕೊಂಡ ರೈಟರು.

ಶನಿವಾರ ಎರಡಕ್ಕೂ ಅದೇ ಚಿತ್ರಗಳನ್ನು ಕೊಟ್ಟು
ಗಡಿಯಾರ ನೋಡುತ್ತ ಕೂತೆವು.
ಹಳೆಯದು ಐದು ಗಂಟೆ ಹತ್ತು ನಿಮಿಷ.
ಹೊಸದು ಆರು ಗಂಟೆ ನಲವತ್ತು.
ಮೊಯ್ದು ಮೇಜು ಕುಟ್ಟಿದ, ತನ್ನ ಹುಂಜ ಗೆದ್ದ ಹಾಗೆ.
ನಾನು ಮೀಟರು ನೋಡಿ ಬಂದೆ:
ಗೆದ್ದದ್ದು ತಿಂದದ್ದು, ಸೋತದ್ದರ ಮೂರು ಪಾಲು.

ಆಮೇಲೆ ಒಂದೇ ಒಂದು ಚಿತ್ರ ಕೊಟ್ಟೆ.
ಹಳೆಯದು ಹನ್ನೊಂದು ಸೆಕೆಂಡು.
ಹೊಸದು ಮೂರೂವರೆ.
ಮೊಯ್ದು ಟೀ ಹೇಳಲು ಹೊರಗೆ ಹೋದ.

ನನಗೆ ಅತ್ತೆ ದೇಚಮ್ಮನ ಕಾಚಂಪುಳಿ ನೆನಪಾಯಿತು.
ಹಣ್ಣು ಹೆಕ್ಕಲು ಹತ್ತು ಜನ ಬಂದರೆ ಹತ್ತು ಬುಟ್ಟಿ.
ಒಲೆಯ ಮೇಲೆ ಮಡಕೆ ಮಾತ್ರ ಒಂದು.
ಸುತ್ತ ಎಷ್ಟು ಜನ ಕುಕ್ಕರಗಾಲಲ್ಲಿ ಕೂತರೂ
ರಸ ಕಪ್ಪಾಗುವುದು ಬೆಂಕಿ ಹೇಳಿದ ಹೊತ್ತಿಗೆ.

ಹನ್ನೊಂದು ಸೆಕೆಂಡು ಎಷ್ಟು ಉದ್ದ, ನನಗೆ ಗೊತ್ತಿದೆ.
ಕಳೆದ ಡಿಸೆಂಬರ್, ಬೆಳಿಗ್ಗೆ ಏಳೂ ನಲವತ್ತು,
ಆರನೇ ಗೇಟಿನ ಚಿತ್ರ: ಮಸುಕು, ಬೂದು,
ಬಂಡೆಯಿದ್ದರೂ ಇರಬಹುದು.
ಫೋನಿನಲ್ಲಿ ಬೊಳ್ಳಚ್ಚಿ. ಅವಳ ಹಿಂದೆ ಜೀಪಿನಲ್ಲಿ
ಸೊಂಟಕ್ಕೆ ಚೀಲ ಕಟ್ಟಿದ ಹದಿನಾಲ್ಕು ಹೆಂಗಸರು.
"ಇಳಿಯುವುದಾ, ಬೇಡವಾ?"
"ತಡಿ."
ಒಂದು, ಎರಡು, ಮೂರು.
ಇಪ್ಪತ್ತಮೂರು ಕೋರು ಕೈಕಟ್ಟಿ ನಿಂತು
ಒಂದರ ಮುಖ ನೋಡುತ್ತಿದ್ದವು.
ಏಳು ಎಣಿಸುವಾಗ ಅವಳೇ ಅಂದಳು:
"ಬಿಡಿ. ಕಾಣ್ತು."

ಏನೂ ಆಗಲಿಲ್ಲ.
ಆನೆ ಹಲಸಿನ ಮರದಡಿ ಬೆನ್ನು ತಿರುಗಿಸಿ ನಿಂತಿತ್ತಂತೆ,
ಬಾಲ ಮಾತ್ರ ಆಡುತ್ತಿತ್ತಂತೆ.
ಹೆಂಗಸರು ಜೀಪಿನಲ್ಲೇ ಕೂತು ವೀಳ್ಯ ಹಾಕಿದರು.
ನಾನು ಅವತ್ತೇ ಕೊಟೇಶನ್ ತರಿಸಿದೆ.

ಆದರೆ ಇದನ್ನೂ ಹೇಳಬೇಕು.
ಹಳೆಯದರ ನೆನಪಿನಲ್ಲಿ ಎಲ್ಲೋ ಒಂದು ಅಂಕಿ ಜಾರಿದರೆ
ತಾನೇ ಹಿಡಿದು ತಿದ್ದುತ್ತದೆ,
ತಿದ್ದಿದೆ ಎಂದು ದಿನಾಂಕ ಹಾಕಿ ಬರೆದಿಡುತ್ತದೆ.
ಮೂರು ವರ್ಷದಲ್ಲಿ ಒಂಬತ್ತು ಸಲ.
ಹೊಸದು ಜಾರುತ್ತದೋ ಇಲ್ಲವೋ
ಅದಕ್ಕೇ ಗೊತ್ತಿಲ್ಲ.

ಈಗ ಬೆಳಗಿನ ಪಾಳಿ ಹೊಸದರದು.
ಹಳೆಯದಕ್ಕೆ ಭಾನುವಾರ ರಾತ್ರಿ, ವಾರದ ರಾಶಿ.
ಹೊತ್ತಿಸಿದರೆ ಫ್ಯಾನುಗಳು ಅರಚಿ
ಎದುರಿನ ಬೇಕರಿಯವನು ಕಿಟಕಿ ಮುಚ್ಚುತ್ತಾನೆ.
ಉಳಿದ ದಿನ ಅದರ ಬೆನ್ನಿನಲ್ಲಿ ಬಿಸಿಯಿಲ್ಲ.

ಬೆಕ್ಕಿಗೆ ಯಾರೂ ಹೇಳಿಲ್ಲ.
ಸೋಮವಾರವೂ ಮಂಗಳವಾರವೂ ಬಂದು
ಫ್ಯಾನಿನ ತೂತಿಗೆ ಒರಗಿ ಕೂರುತ್ತದೆ.
ನಾನೂ ಒದ್ದೆ ಕಾಲುಚೀಲ ಅಲ್ಲೇ ನೇತುಹಾಕಿ
ಸಂಜೆ ಒದ್ದೆಯಾಗಿಯೇ ತೆಗೆದುಕೊಳ್ಳುತ್ತೇನೆ.